ಪ್ರೋಗ್ರಾಮಿಂಗ್ ವಿದ್ಯಾರ್ಥಿಯೂ ಲ್ಯಾಪ್‌ಟಾಪಿನ ಆಯ್ಕೆಯೂ

ಬೆಂಗಳೂರಿನ ದಂಡುಪ್ರದೇಶಕ್ಕೂ ಅದರ ಪೂರ್ವಭಾಗಕ್ಕೂ ಯಂತ್ರವಿದ್ಯೆಯ ನಂಟು ಇಂದು ನಿನ್ನೆಯದಲ್ಲ. ೧೯೪೦ರಲ್ಲಿ ವಿಮಾನ ಕಾರ್ಖಾನೆ ಬಂದಿತು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ ಸ್ಥಾಪಿತವಾಗಿ, ಅದರ ಸುತ್ತಲಿನ ಪ್ರದೇಶಕ್ಕೆ ದೂರವಾಣಿನಗರವೆಂಬ ಹೆಸರೇ ನಿಂತಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕೆಲಸವನ್ನು ಆರಂಭಿಸಿತು. ಇಂತಹ ಊರಿನಲ್ಲಿ ಓದುತ್ತಿರುವ ನಾವು ಕಲಾವಿಭಾಗದವರಾದರೂ ಪ್ರೋಗ್ರಾಮಿಂಗ್ ಕಲಿಯಬೇಕೆಂದು ಹಂಬಲಿಸುವುದು ಸಹಜವೇ ಆಗಿದೆ. ಅರ್ಥಶಾಸ್ತ್ರದವರಿಗೆ ಅಂಕಿಅಂಶಗಳ ವಿಶ್ಲೇಷಣೆಗೂ, ಕನ್ನಡದವರಿಗೆ ಪದಗಳ ಎಣಿಕೆಗೂ ಅದು ಉಪಯುಕ್ತವೆಂಬುದು ನಿರ್ವಿವಾದ.

ಆದರೆ ಈ ವಿದ್ಯೆಗೆ ಬೇಕಾದ ಲ್ಯಾಪ್‌ಟಾಪು ಅಗ್ಗದ ವಸ್ತುವಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂತಹವರು ನಮ್ಮಲ್ಲಿ ಅನೇಕರಿದ್ದಾರೆ. ಇಂತಹ ಮನೆಗಳಲ್ಲಿ ಲ್ಯಾಪ್‌ಟಾಪು ಬರುವುದು ತಾಯಿ ಎತ್ತಿದ ಚೀಟಿಯ ಹಣದಿಂದ, ಇಲ್ಲವೇ ಅಡವಿಟ್ಟ ಒಡವೆಯಿಂದ. ಒಮ್ಮೆ ಕೊಂಡದ್ದು ಪದವಿ ಮುಗಿದು ಕೆಲಸ ಸಿಗುವವರೆಗೂ ಬಾಳಬೇಕು. ಹೀಗಿರಲು ಯಾವ ಭಾಗಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬೇಕಾಗಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯಕ. ಮೊದಲು ಸಂಗ್ರಹ, ಅನಂತರ ಸ್ಮೃತಿ, ಆಮೇಲೆ ಮಿಕ್ಕದ್ದು ಎಂಬುದೇ ಈ ಲೇಖನದ ಅಭಿಪ್ರಾಯ.

ಸಂಗ್ರಹವೆಂದರೆ ನಮ್ಮ ಕಡತಗಳೆಲ್ಲವೂ ಶಾಶ್ವತವಾಗಿ ಉಳಿಯುವ ಜಾಗ. ಸ್ಮೃತಿ, ಅಂದರೆ ರ‍್ಯಾಮ್, ಆ ಹೊತ್ತಿನ ಕೆಲಸಕ್ಕೆ ಬೇಕಾದುದನ್ನು ಮಾತ್ರ ಹರಡಿಕೊಳ್ಳುವ ಜಾಗ. ನಮ್ಮ ಗ್ರಂಥಾಲಯದ ಬೀರುಗಳು ಸಂಗ್ರಹವಾದರೆ, ನಾವು ಕುಳಿತು ಓದುವ ಮೇಜೇ ಸ್ಮೃತಿ. ಮೇಜು ಚಿಕ್ಕದಾದರೆ ಪುಸ್ತಕಗಳನ್ನು ಮತ್ತೆ ಮತ್ತೆ ಬೀರುವಿಗೆ ಒಯ್ದು ತರಬೇಕಾಗುತ್ತದೆ. ಬೀರುವು ದೂರವಿದ್ದರಂತೂ ಓದು ಸಾಗುವುದೇ ಇಲ್ಲ.

ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐ.ಬಿ.ಎಂ. ಕಂಪನಿಯು ೧೯೫೬ರಲ್ಲಿ, ಅಂದರೆ ನಮ್ಮ ನಾಡು ಏಕೀಕರಣಗೊಂಡ ವರ್ಷದಲ್ಲಿಯೇ, ಹೊರತಂದಿತು. ಅದರಲ್ಲಿ ಐವತ್ತು ದೊಡ್ಡ ತಟ್ಟೆಗಳಿದ್ದು, ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಹಾರ್ಡ್ ಡಿಸ್ಕು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿದ್ದರೂ ತತ್ತ್ವ ಅದೇ: ತಟ್ಟೆ ತಿರುಗಬೇಕು, ಓದುವ ಮುಳ್ಳು ಸರಿಯಾದ ಸ್ಥಳಕ್ಕೆ ಸರಿಯಬೇಕು. ಎಸ್.ಎಸ್.ಡಿ. ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಎಂಬ ಎಂಜಿನಿಯರು ೧೯೮೦ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯ ಚಿಪ್ಪುಗಳೇ ಅದರ ಆಧಾರ.

ಇವೆರಡರ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡೋಣ. ಹಾರ್ಡ್ ಡಿಸ್ಕು ಒಂದು ಕಡತವನ್ನು ಹುಡುಕಿ ಹಿಡಿಯಲು ಸುಮಾರು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಎಸ್.ಎಸ್.ಡಿ.ಗೆ ಹತ್ತು ಸಾವಿರದ ಒಂದು ಭಾಗ ಸಾಕು. ಪ್ರೋಗ್ರಾಮಿಂಗ್ ಸಾಧನಗಳು ಒಂದು ದೊಡ್ಡ ಕಡತವನ್ನಲ್ಲ, ಸಾವಿರಾರು ಚಿಕ್ಕ ಕಡತಗಳನ್ನು ಓದುತ್ತವೆ. ಹತ್ತು ಸಾವಿರ ಕಡತಗಳಾದರೆ ಹಾರ್ಡ್ ಡಿಸ್ಕಿಗೆ ನೂರು ಸೆಕೆಂಡು, ಎಸ್.ಎಸ್.ಡಿ.ಗೆ ಒಂದು ಸೆಕೆಂಡು! ಒಂದು ತಪ್ಪನ್ನು ತಿದ್ದಿ ಮತ್ತೆ ನಡೆಸಿ ನೋಡುವುದೇ ಈ ವಿದ್ಯೆಯ ಅಭ್ಯಾಸಕ್ರಮವಾಗಿರುವಾಗ, ಪ್ರತಿ ಸಲವೂ ಒಂದೂವರೆ ನಿಮಿಷ ಕಾಯುವವನ ಉತ್ಸಾಹ ಎಷ್ಟು ದಿನ ಉಳಿದೀತು? ಆದುದರಿಂದ ಅಂಗಡಿಯಲ್ಲಿ ‘೧ ಟಿಬಿ’ ಎಂಬ ದೊಡ್ಡ ಅಂಕಿಯನ್ನು ಕಂಡು ಹಿಗ್ಗದೆ, ಅದು ಯಾವ ಜಾತಿಯದೆಂದು ಕೇಳಬೇಕು. ೧ ಟಿಬಿ ಹಾರ್ಡ್ ಡಿಸ್ಕಿಗಿಂತ ೨೫೬ ಜಿಬಿ ಎಸ್.ಎಸ್.ಡಿ.ಯೇ ನಮಗೆ ಮೇಲು.

ಎಸ್.ಎಸ್.ಡಿ.ಗಳಲ್ಲಿಯೂ ಭೇದಗಳುಂಟು. ಸಾಟಾ ಎಂಬ ಬಗೆಯದು ಸೆಕೆಂಡಿಗೆ ಸುಮಾರು ೫೫೦ ಎಂಬಿ ಓದಿದರೆ, ಎನ್‌ವಿಎಂಇ ಎಂಬ ಬಗೆಯದು ೩,೦೦೦ ಎಂಬಿ ಮೀರುವುದೂ ಉಂಟು. ಕಲಿಯುವವರಿಗೆ ಎರಡೂ ಸಾಕು. ಆದರೆ ತೀರ ಅಗ್ಗದ ಕೆಲವು ಯಂತ್ರಗಳಲ್ಲಿ ೬೪ ಅಥವಾ ೧೨೮ ಜಿಬಿಯ ಇಎಂಎಂಸಿ ಎಂಬುದನ್ನು ಹಲಗೆಗೇ ಬೆಸೆದಿರುತ್ತಾರೆ. ಅದು ನಿಧಾನವೂ ಹೌದು, ಬದಲಾಯಿಸಲು ಬಾರದ್ದೂ ಹೌದು. ಅದನ್ನು ಬಿಡುವುದೇ ಲೇಸು.

ಹಾಗಾದರೆ ಎಷ್ಟು ಜಾಗ ಬೇಕು? ನಾವು ಬರೆಯುವ ಬರಹ ಹಿಡಿಯುವ ಸ್ಥಳ ಅತ್ಯಲ್ಪ. ಯುನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ವಿರಾಮಚಿಹ್ನೆಯೂ ಸೇರಿ ಐದು ಚಿಹ್ನೆಗಳಿರುವುದರಿಂದ ಅದಕ್ಕೆ ೧೫ ಬೈಟು. ಐದು ಲಕ್ಷ ಚಿಹ್ನೆಗಳ ದಪ್ಪ ಪುಸ್ತಕವೊಂದು ಒಂದೂವರೆ ಎಂಬಿಯಲ್ಲಿ ಅಡಗುತ್ತದೆ. ೫೧೨ ಜಿಬಿಯಲ್ಲಿ ಅಂತಹವು ಮೂರು ಲಕ್ಷಕ್ಕೂ ಮಿಕ್ಕಿ ಹಿಡಿಯುತ್ತವೆ! ಜಾಗವನ್ನು ನುಂಗುವುದು ನಮ್ಮ ಬರಹವಲ್ಲ. ವಿಂಡೋಸ್, ಅದರ ಹೊಸ ಹೊಸ ಪರಿಷ್ಕರಣಗಳು, ಹತ್ತಾರು ಜಿಬಿ ಬೇಡುವ ಸಾಧನಗಳು ಮತ್ತು ನಾವು ತುಂಬಿಕೊಳ್ಳುವ ಸಿನಿಮಾಗಳು. ಆದಕಾರಣ ೨೫೬ ಜಿಬಿಯಲ್ಲಿ ಮಿತವಾಗಿ ಬಾಳಬಹುದು. ೫೧೨ ಜಿಬಿಯಲ್ಲಿ ನಿಶ್ಚಿಂತೆಯಿಂದಿರಬಹುದು. ಕೊಂಡ ೫೧೨ ಜಿಬಿಯನ್ನು ಯಂತ್ರವು ೪೭೬ ಎಂದು ತೋರಿಸಿದರೆ ಮೋಸಹೋದೆವೆಂದು ಗಾಬರಿಪಡಬೇಕಾಗಿಲ್ಲ. ತಯಾರಕರು ೧೦೦ ಕೋಟಿ ಬೈಟುಗಳಿಗೆ ಒಂದು ಜಿಬಿ ಎನ್ನುತ್ತಾರೆ, ವಿಂಡೋಸು ಸುಮಾರು ೧೦೭ ಕೋಟಿಗೆ ಒಂದು ಎಂದು ಎಣಿಸುತ್ತದೆ. ಅಳತೆಯ ಸೇರು ಬೇರೆಯಾಗಿದೆ, ಅಷ್ಟೆ.

ಇನ್ನು ಸ್ಮೃತಿಯ ವಿಚಾರ. ವಿಂಡೋಸ್ ೧೧ಕ್ಕೆ ೪ ಜಿಬಿ ಸಾಕೆಂದು ಬರೆದಿರುತ್ತದೆ. ಅದು ಯಂತ್ರ ಏಳುವುದಕ್ಕೆ ಸಾಕು, ಕೆಲಸಕ್ಕೆ ಸಾಲದು. ಪೈಥಾನ್, ಸಿ, ಜಾವಾ, ವೆಬ್ ಪುಟಗಳ ರಚನೆ ಇವುಗಳ ಆರಂಭಕ್ಕೆ ೮ ಜಿಬಿ ಬೇಕು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮೊಬೈಲ್ ಆ್ಯಪ್ ರಚಿಸಿ ಅಲ್ಲಿಯೇ ಪರೀಕ್ಷಿಸುವವರಿಗೆ ೧೬ ಜಿಬಿ ಬೇಕು. ಇಲ್ಲೊಂದು ಉಪಾಯವಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಬೆಸೆದಿರುತ್ತಾರೆ. ಕೆಲವುಗಳಲ್ಲಿ ಇನ್ನೊಂದು ಹಲಗೆ ಸೇರಿಸಲು ಖಾಲಿ ಖಾನೆ ಇರುತ್ತದೆ. ಎರಡನೆಯ ಬಗೆಯದನ್ನು ಕೊಂಡರೆ ಇಂದು ೮ ಜಿಬಿಗೆ ಹಣ ತೆತ್ತು, ಮುಂದೆ ಕೈಯಲ್ಲಿ ಕಾಸು ಕೂಡಿದಾಗ ೧೬ಕ್ಕೆ ಏರಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು; ಇಲ್ಲಿ ಹಾಸಿಗೆಯನ್ನೇ ಮುಂದೆ ಉದ್ದ ಮಾಡಿಕೊಳ್ಳುವ ಸೌಕರ್ಯವಿದೆ.

ಪ್ರೊಸೆಸರಿನಲ್ಲಿ ಐ೩, ಐ೫ ಎಂಬ ಹೆಸರಿಗಿಂತ ಅದು ಎಷ್ಟನೆಯ ಪೀಳಿಗೆಯದೆಂಬುದು ಮುಖ್ಯ. ಹಳೆಯ ಪೀಳಿಗೆಯ ಐ೫ಗಿಂತ ಹೊಸ ಪೀಳಿಗೆಯ ಐ೩ ಚುರುಕಾಗಿರುವುದುಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಆಟವಾಡುವವರಿಗೆ ಬೇಕಾದುದು. ಯಂತ್ರಕಲಿಕೆಯ ಮೊದಲ ಪಾಠಗಳಿಗೆ ಗೂಗಲ್ ಕೊಲ್ಯಾಬಿನಂತಹ ಉಚಿತ ಸೌಲಭ್ಯವಿದೆ. ಆ ಹಣವನ್ನು ಸ್ಮೃತಿಗೆ ಹಾಕುವುದು ಜಾಣತನ. ಭಾರದ ಕಡೆಗೂ ಗಮನವಿರಲಿ. ಕೃಷ್ಣರಾಜಪುರದಿಂದ ಮೆಟ್ರೋದಲ್ಲಿ ನಿಂತುಕೊಂಡೇ ಇಂದಿರಾನಗರ, ಹಲಸೂರು ದಾಟಿ ಬರುವವರಿಗೆ ಒಂದೂವರೆ ಕಿಲೋ ಯಂತ್ರಕ್ಕೂ ಎರಡೂವರೆ ಕಿಲೋ ಯಂತ್ರಕ್ಕೂ ಇರುವ ಅಂತರ ಹೆಗಲಿಗೇ ತಿಳಿಯುತ್ತದೆ.

ಹೊಸದಕ್ಕೆ ಹಣ ಸಾಲದವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯದನ್ನು ಹುಡುಕುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ವಿಂಡೋಸ್ ೧೧ ಬೇಕೆಂದರೆ ಇಂಟೆಲ್ ಪ್ರೊಸೆಸರು ಎಂಟನೆಯ ಅಥವಾ ಅನಂತರದ ಪೀಳಿಗೆಯದಾಗಿರಬೇಕು. ಅದಕ್ಕೂ ಹಳೆಯದಾದರೆ ಉಬುಂಟು ಎಂಬ ಉಚಿತ ಲಿನಕ್ಸನ್ನು ಹಾಕಿಕೊಂಡು ಕಲಿಯಬಹುದು. ಹಾರ್ಡ್ ಡಿಸ್ಕಿದ್ದರೆ ತೆಗೆಸಿ ಸಾಟಾ ಎಸ್.ಎಸ್.ಡಿ. ಹಾಕಿಸಬಹುದು. ಕೊಳ್ಳುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯವನ್ನು ನೋಡಬೇಕು. ಚಾರ್ಜರು ತೆಗೆದು ಅರ್ಧ ಗಂಟೆ ನಡೆಸಿ ಬ್ಯಾಟರಿಯನ್ನು ಪರೀಕ್ಷಿಸಬೇಕು. ಕಂತಿನಲ್ಲಿ ಕೊಳ್ಳುವವರು ‘ಬಡ್ಡಿಯಿಲ್ಲ’ ಎಂಬ ಮಾತಿಗೆ ಮರುಳಾಗದೆ, ಶುಲ್ಕಗಳೆಲ್ಲವನ್ನೂ ಕೂಡಿಸಿ ಒಟ್ಟು ಮೊತ್ತವೆಷ್ಟೆಂದು ಕೇಳಬೇಕು.

ಯಾವ ಡಿಸ್ಕೂ ಚಿರಂಜೀವಿಯಲ್ಲ. ಎಸ್.ಎಸ್.ಡಿ. ಕೆಟ್ಟರೆ ಮುನ್ಸೂಚನೆ ಸಿಗದಿರಬಹುದು. ಆದುದರಿಂದ ಬರೆದ ಪ್ರೋಗ್ರಾಮಿನ ಪ್ರತಿಯೊಂದನ್ನು ಗಿಟ್‌ಹಬ್‌ನಂತಹ ತಾಣದಲ್ಲಿಯೂ, ಇನ್ನೊಂದನ್ನು ಪೆನ್ ಡ್ರೈವಿನಲ್ಲಿಯೂ ಇಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು.

ಕೊನೆಯದಾಗಿ ವಿದ್ಯಾರ್ಥಿಮಿತ್ರರಲ್ಲಿ ಒಂದು ವಿಜ್ಞಾಪನೆ. ನಮ್ಮ ತಂದೆತಾಯಿಗಳು ಅಂಗಡಿಯವನ ಮಾತನ್ನು ನಂಬಿ ಹಣ ಎಣಿಸುವವರು. ಜಿಬಿ, ಟಿಬಿಗಳ ಲೆಕ್ಕ ಅವರಿಗೆ ತಿಳಿಯಬೇಕೆಂದು ಬಯಸುವುದು ನ್ಯಾಯವಲ್ಲ. ತಿಳಿದುಕೊಳ್ಳುವ ಹೊಣೆ ಓದುತ್ತಿರುವ ನಮ್ಮದು. ನಮ್ಮಲ್ಲಿ ಬಲ್ಲ ಹಿರಿಯ ವಿದ್ಯಾರ್ಥಿಗಳು ಕಿರಿಯರೊಡನೆ ಒಂದು ಮಧ್ಯಾಹ್ನ ಅಂಗಡಿಗೆ ಹೋಗಿಬಂದರೆ ಒಂದು ಮನೆಯ ಒಂದು ವರ್ಷದ ಉಳಿತಾಯ ಸಾರ್ಥಕವಾದೀತು. ಸಂಗ್ರಹ ಯಾವ ಬಗೆಯದು, ಸ್ಮೃತಿ ಎಷ್ಟು, ಅದನ್ನು ಏರಿಸಲು ಖಾನೆಯುಂಟೇ, ಪ್ರೊಸೆಸರು ಎಷ್ಟನೆಯ ಪೀಳಿಗೆಯದು, ವಾರಂಟಿ ಎಷ್ಟು ದಿನ, ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಂಡ ಅನಂತರವೇ ಹಣ ಕೊಡುವುದು ವಿವೇಕ.