ಮಡ್‌ಗಾರ್ಡನ್ನು ಒತ್ತಿದವರು ಯಾರು?

ಮಕ್ಕಳೇ, ಜಾತ್ರೆಯ ದಿನ ಮಧುಗಿರಿಯಲ್ಲಿ ಸಾಲಾಗಿ ನಿಂತ ಮೋಟಾರ್ ಸೈಕಲ್‌ಗಳನ್ನು ಗಮನಿಸಿದ್ದೀರಾ? ಕೆಲವುಗಳ ಮಡ್‌ಗಾರ್ಡಿನ ಮೇಲೆ ಚಾಪೆಯ ಹೆಣಿಗೆಯಂತಹ ಕಪ್ಪು ಹೊಳಪು ಕಾಣುತ್ತದೆ. ಎಷ್ಟೋ ಸಲ ಅದು ಬರಿಯ ಸ್ಟಿಕ್ಕರ್. ನಿಜವಾದದ್ದಾದರೆ ಅದು ಕಾರ್ಬನ್ ಎಳೆಯ ಬಟ್ಟೆ. ಉಬ್ಬುತಗ್ಗಾದ ಮಡ್‌ಗಾರ್ಡಿಗೆ ಆ ಬಟ್ಟೆಯನ್ನು ಸುಕ್ಕು ಬಾರದಂತೆ ಅಂಟಿಸುವುದು ಹೇಗೆ? ಉತ್ತರ ನಿಮ್ಮ ವಿಜ್ಞಾನ ಪಾಠದಲ್ಲೇ ಇದೆ: ಗಾಳಿಗೆ ಒತ್ತಡವಿದೆ.

ಎಳೆ ಮತ್ತು ಅಂಟು

ಅಜ್ಜಿ ಬಿದಿರಿನ ಮೊರಕ್ಕೆ ಸಗಣಿ ಸಾರಿಸುವುದನ್ನು ನೋಡಿರಬಹುದು. ಬಿದಿರಿನ ಸೀಳು ಬಲ ಕೊಡುತ್ತದೆ, ಸಗಣಿ ಸಂದು ಮುಚ್ಚುತ್ತದೆ. ಎರಡೂ ಸೇರಿದರೆ ಒಂದು ಹೊಸ ವಸ್ತು. ಕಾರ್ಬನ್ ಹೊದಿಕೆಯೂ ಹೀಗೆಯೇ. ಒಂದು ಬಗೆಯ ಕೃತಕ ನೂಲನ್ನು ಆಮ್ಲಜನಕ ಸೋಕದಂತೆ 1000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದಾಗ ಇಂಗಾಲದ ಎಳೆ ಉಳಿಯುತ್ತದೆ. ಅದು ತಲೆಗೂದಲಿಗಿಂತ ಸುಮಾರು ಹತ್ತು ಪಟ್ಟು ತೆಳು. ಇದನ್ನು ನೇಯ್ದ ಬಟ್ಟೆಗೆ ಎಪಾಕ್ಸಿ ಎಂಬ ಅಂಟು ಜೊತೆಗಾರ.

ಹೊದಿಸುವ ಕ್ರಮ

1. ಮಡ್‌ಗಾರ್ಡನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಎಪಾಕ್ಸಿ ಬಳಿಯುತ್ತಾರೆ.

2. ಅದು ಜಿಗುಟಾದಾಗ ಕಾರ್ಬನ್ ಬಟ್ಟೆ ಹಾಸಿ, ಮತ್ತೆ ಎಪಾಕ್ಸಿ ಹಚ್ಚುತ್ತಾರೆ.

3. ಮೇಲೆ ಅಂಟಿಕೊಳ್ಳದ ಬಟ್ಟೆ, ಸಣ್ಣ ತೂತುಗಳಿರುವ ಹಾಳೆ, ಹತ್ತಿಯಂತಹ ಮೆತ್ತನೆಯ ಪದರ ಇಡುತ್ತಾರೆ. ಹೆಚ್ಚಾದ ಅಂಟನ್ನು ಈ ಪದರ ಹೀರುತ್ತದೆ, ಗಾಳಿಗೂ ದಾರಿ ಬಿಡುತ್ತದೆ.

4. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಾಯಿಯನ್ನು ಅಂಟುಪಟ್ಟಿಯಿಂದ ಮುಚ್ಚಿ, ಪಂಪಿನಿಂದ ಗಾಳಿ ತೆಗೆಯುತ್ತಾರೆ. ಅಂಟು ಗಟ್ಟಿಯಾಗುವವರೆಗೆ ಹಾಗೆಯೇ ಬಿಡುತ್ತಾರೆ. ಚೀಲದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕೆಲಸ ಕೆಟ್ಟಂತೆ.

5. ಕೊನೆಗೆ ಚೀಲ ಬಿಚ್ಚಿ, ಉಜ್ಜಿ, ಮೆರುಗು ಕೊಡುತ್ತಾರೆ.

ಎಳೆಯುವುದೋ, ಒತ್ತುವುದೋ?

ಕೆಲವು ವರ್ಷಗಳ ಹಿಂದೆ ನಾನೂ ತರಗತಿಯಲ್ಲಿ "ನಿರ್ವಾತ ಚೀಲವನ್ನು ಒಳಕ್ಕೆ ಎಳೆಯುತ್ತದೆ" ಎಂದಿದ್ದೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಒಳಗೆ ಏನೂ ಇಲ್ಲ ಅಂದ್ರೆ ಎಳೆಯೋದು ಯಾರು ಸಾರ್?" ಎಂದಳು. ತಪ್ಪು ನನ್ನದೇ ಆಗಿತ್ತು. ಇಲ್ಲದ್ದು ಎಳೆಯಲಾರದು. ಹೊರಗಿನ ಗಾಳಿ ಒತ್ತುತ್ತದೆ. ಮೊದಲು ಒಳಗಿನ ಗಾಳಿಯೂ ಅಷ್ಟೇ ಬಲದಿಂದ ಎದುರು ಒತ್ತುತ್ತಿದ್ದುದರಿಂದ ನಮಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ.

ಎಷ್ಟು ಒತ್ತಡ? ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಎತ್ತರದಲ್ಲಿರುವುದರಿಂದ ಇಲ್ಲಿ ತುಸು ಕಡಿಮೆ. 60 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಮಡ್‌ಗಾರ್ಡಿನ ವಿಸ್ತೀರ್ಣ 900 ಚದರ ಸೆಂ.ಮೀ. ಒಳಗಿನ ಗಾಳಿ ಪೂರ್ತಿ ಹೊರಹೋದರೆ ಅದರ ಮೇಲೆ ಸುಮಾರು 850 ಕಿಲೋಗ್ರಾಂ ಒತ್ತುತ್ತದೆ. ಹನ್ನೆರಡು ಮಂದಿ ದೊಡ್ಡವರು ಹತ್ತಿ ನಿಂತಷ್ಟು! ಅದೂ ಪ್ರತಿ ಮೂಲೆಗೂ ಒಂದೇ ಸಮನಾಗಿ. ಕೈಯಿಂದ ಹೀಗೆ ಒತ್ತಲು ಯಾರಿಂದಲೂ ಆಗದು.

ಮಾಡಿ ನೋಡಿ

ತೂತಿಲ್ಲದ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ. ಚೀಲದ ಬಾಯಿ ಮೇಲಿರುವಂತೆ, ಒಳಗೆ ನೀರು ನುಗ್ಗದಂತೆ ಬಕೆಟ್ ನೀರಿನಲ್ಲಿ ನಿಧಾನವಾಗಿ ಇಳಿಸಿ. ಚೀಲ ಬೆರಳುಗಳ ಸಂದಿಗೂ ಅಂಟಿಕೊಳ್ಳುತ್ತದೆ. ಯಾರೂ ಎಳೆಯಲಿಲ್ಲ, ಸುತ್ತಲಿನ ನೀರು ಒತ್ತಿತು. ಮಡ್‌ಗಾರ್ಡಿಗೆ ಇದೇ ಕೆಲಸವನ್ನು ಗಾಳಿ ಮಾಡುತ್ತದೆ.

ಎಚ್ಚರ: ಪ್ಲಾಸ್ಟಿಕ್ ಚೀಲವನ್ನು ಮುಖಕ್ಕೆ ಎಂದೂ ಹಾಕಿಕೊಳ್ಳಬೇಡಿ. ಎಪಾಕ್ಸಿ ಚರ್ಮಕ್ಕೆ ತಗುಲಿದರೆ ತುರಿಕೆ, ಗುಳ್ಳೆ ಬರಬಹುದು; ಕಾರ್ಬನ್ ಉಜ್ಜಿದ ಧೂಳು ಉಸಿರಿಗೆ ಕೆಟ್ಟದ್ದು. ಈ ಕೆಲಸ ಕೈಗವಸು, ಮುಖಗವಸು ಧರಿಸಿದ ತರಬೇತಾದ ದೊಡ್ಡವರದು.

ಮಡ್‌ಗಾರ್ಡಿನಿಂದ ವಿಮಾನಕ್ಕೆ

ಹಳೆಯ ಮಡ್‌ಗಾರ್ಡಿನ ಮೇಲೆ ಹೊದಿಸಿದರೆ ಅಂದ ಹೆಚ್ಚುತ್ತದೆ, ತೂಕ ತಗ್ಗುವುದಿಲ್ಲ, ತುಸು ಏರುತ್ತದೆ. ತೂಕ ಇಳಿಯಬೇಕಾದರೆ ಇಡೀ ಭಾಗವನ್ನೇ ಕಾರ್ಬನ್ನಿನಿಂದ ಮಾಡಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗಳು ಹಾಗೆ ಆದವು. ಇಂತಹ ಭಾಗಗಳನ್ನು ಚೀಲದೊಳಗಿಟ್ಟು, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಂತಹ ಪಾತ್ರೆಯಲ್ಲಿ ಕಾಯಿಸಿ, ಇನ್ನೂ ಹೆಚ್ಚು ಒತ್ತುತ್ತಾರೆ.

ಅಷ್ಟು ದೂರವೇಕೆ? ಪಾವಗಡದ ತಿರುಮಣಿ ಸುತ್ತಲಿನ ಸೌರ ಪಾರ್ಕನ್ನು ನೋಡಿ. ಸೌರ ಫಲಕಗಳನ್ನು ತಯಾರಿಸುವಾಗಲೂ ಸಾಮಾನ್ಯವಾಗಿ ಗಾಜು, ಅಂಟುಹಾಳೆ, ಸೌರಕೋಶಗಳ ನಡುವಿನ ಗಾಳಿ ತೆಗೆದು, ಕಾಯಿಸಿ ಒತ್ತುತ್ತಾರೆ. ಗುಳ್ಳೆ ಉಳಿದರೆ ಬಾಳಿಕೆ ಕಡಿಮೆ.

ಯೋಚಿಸಿ

1. ಅಷ್ಟು ಒತ್ತಿದರೂ ಮಡ್‌ಗಾರ್ಡ್ ಚಪ್ಪಟೆಯಾಗುವುದಿಲ್ಲ. ಏಕೆ? (ಸುಳಿವು: ಚೀಲ ಅದರ ಎಷ್ಟು ಬದಿಗಳಲ್ಲಿದೆ?)

2. ಮಧುಗಿರಿ ಬೆಟ್ಟದ ತುದಿಯಲ್ಲಿ ಇದೇ ಕೆಲಸ ಮಾಡಿದರೆ ಗಾಳಿ ಹೆಚ್ಚು ಒತ್ತುತ್ತದೆಯೋ, ಕಡಿಮೆಯೋ?

3. ಎಳನೀರನ್ನು ಸ್ಟ್ರಾ ಹಾಕಿ ಕುಡಿಯುವಾಗ ನೀರನ್ನು ಮೇಲೇರಿಸುವವರು ಯಾರು? ನಿಮ್ಮ ಉತ್ತರವನ್ನು ಗುರುಗಳೊಡನೆ ಚರ್ಚಿಸಿ. ಅವರು "ನಾವೇ ಎಳೆಯುತ್ತೇವೆ" ಎಂದರೆ ಆ ಹುಡುಗಿಯಂತೆ ಧೈರ್ಯವಾಗಿ ಕೇಳಿ.