ವ್ಯಸನವೂ ಮಿದುಳೂ: ಒಬ್ಬ ಆಟಗಾರನ ಕಥೆ

ಬೇಸ್‌ಬಾಲ್ ಆಟದಲ್ಲಿ ಎಸೆಗಾರನ ಕೈಬಿಟ್ಟ ಚೆಂಡು ದಾಂಡಿಗನನ್ನು ತಲಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರೊಳಗೆ ಕಣ್ಣು ಕಂಡು, ಮಿದುಳು ನಿರ್ಧರಿಸಿ, ತೋಳು ಬೀಸಬೇಕು. ಈ ವಿದ್ಯೆಯಲ್ಲಿ ಅಸಾಧಾರಣನೆನಿಸಿದ್ದ ಅಮೆರಿಕೆಯ ತರುಣ ಜಾಷ್ ಹ್ಯಾಮಿಲ್ಟನ್, ಒಂದು ಚಿಟಿಕೆ ಬಿಳಿಯ ಪುಡಿಯ ಮುಂದೆ ಸೋತುಹೋದನು. ಅವನ ಮನಸ್ಸು ದುರ್ಬಲವಾಗಿತ್ತೆಂದು ಹೇಳಿಬಿಡುವುದು ಸುಲಭ. ವಿಜ್ಞಾನವು ಕೊಡುವ ಉತ್ತರವಾದರೋ ಬೇರೆ.

1999ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಹ್ಯಾಮಿಲ್ಟನ್ ಆ ವರ್ಷದ ಹೊಸ ಆಟಗಾರರೆಲ್ಲರಲ್ಲಿ ಮೊದಲಿಗನಾಗಿ ಟ್ಯಾಂಪಾ ಬೇ ತಂಡಕ್ಕೆ ಆಯ್ಕೆಯಾದನು. ಸುಮಾರು 40 ಲಕ್ಷ ಡಾಲರು ಅವನ ಕೈಸೇರಿತು. 2001ರಲ್ಲಿ ವಾಹನಾಪಘಾತವೊಂದರಲ್ಲಿ ಬೆನ್ನಿಗೆ ಪೆಟ್ಟುಬಿತ್ತು. ಆಟವಿಲ್ಲ, ಜೊತೆಯಲ್ಲಿದ್ದ ತಂದೆತಾಯಿಗಳೂ ಊರಿಗೆ ಮರಳಿದ್ದರು. ಹೊತ್ತು ಕಳೆಯಲು ಸೇರಿದ ಹೊಸ ಗೆಳೆಯರು ಮದ್ಯವನ್ನೂ ಕೊಕೇನನ್ನೂ ಪರಿಚಯಿಸಿದರು. 2004ರಲ್ಲಿ ಆಟದ ಆಡಳಿತವು ಅವನನ್ನು ಅಮಾನತಿನಲ್ಲಿಟ್ಟಿತು.

ಇನ್ನು ಮಿದುಳಿನಲ್ಲಿ ನಡೆಯುವುದೇನೆಂಬುದನ್ನು ನೋಡೋಣ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನಲ್ಲಿ ಸಣ್ಣ ತಂತಿಗಳನ್ನು ಇಟ್ಟು, ಸನ್ನೆಯೊಂದನ್ನು ಒತ್ತಿದಾಗ ವಿದ್ಯುತ್ತು ಹರಿಯುವಂತೆ ಮಾಡಿದರು. ತಂತಿಯು ಕೆಲವು ನಿರ್ದಿಷ್ಟ ಸ್ಥಳಗಳಲ್ಲಿದ್ದಾಗ ಇಲಿಗಳು ಗಂಟೆಗೆ ನೂರಾರು ಸಲ ಆ ಸನ್ನೆಯನ್ನು ಒತ್ತಿದವು. ‘ಇದು ಮತ್ತೆ ಬೇಕು’ ಎಂದು ಕಲಿಸುವ ಮಾರ್ಗವೊಂದು ಮಿದುಳಿನಲ್ಲಿದೆಯೆಂದು ಹೀಗೆ ಗೊತ್ತಾಯಿತು. ಡೋಪಮಿನ್ ಎಂಬ ರಾಸಾಯನಿಕವು ಈ ಮಾರ್ಗದ ಮುಖ್ಯ ದೂತನೆಂಬುದು ಮುಂದೆ ತಿಳಿದುಬಂದಿತು.

ಒಂದು ನರಕೋಶವು ಡೋಪಮಿನ್ನನ್ನು ಹೊರಸೂಸಿದರೆ, ಪಕ್ಕದ ಕೋಶದ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಕೆಲಸ ಮುಗಿದೊಡನೆ ಮೊದಲಿನ ಕೋಶವೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಕೊಕೇನ್ ಈ ಮರಳುದಾರಿಯನ್ನು ಮುಚ್ಚುತ್ತದೆ. ತುಂಬಿದ ಕೆರೆಗೆ ಕೋಡಿಯೇ ಇಲ್ಲದಿದ್ದರೆ ಏನಾದೀತು? ಹಾಗೆಯೇ ಕೋಶಗಳ ನಡುವೆ ಡೋಪಮಿನ್ ಉಕ್ಕೇರುತ್ತದೆ. ಈ ಹಾವಳಿ ಪದೇ ಪದೇ ಆದಾಗ, ಮಿದುಳು ತನ್ನ ರಕ್ಷಣೆಗಾಗಿ ಗ್ರಾಹಕಗಳನ್ನು ಕಡಮೆ ಮಾಡಿಕೊಳ್ಳುತ್ತದೆ. ಆಮೇಲೆ ಊಟ, ಸ್ನೇಹ, ಆಟ ಎಲ್ಲವೂ ಸಪ್ಪೆ. ಮೇಲಾಗಿ, ಬೇಡವೆಂದು ತಡೆಯಬೇಕಾದ ಮುಮ್ಮಿದುಳಿನ ಹಿಡಿತವೂ ಸಡಿಲುತ್ತದೆ. ‘ಮನಸ್ಸು ಗಟ್ಟಿಮಾಡಿಕೋ’ ಎಂಬ ಉಪದೇಶ ಮಾತ್ರವೇ ಸಾಲದಿರುವುದು ಇದರಿಂದಲೇ. ಸಂಯಮಕ್ಕೆ ಆಧಾರವಾದ ಅಂಗವೇ ಪೆಟ್ಟು ತಿಂದಿರುತ್ತದೆ.

ಹಾಗಾದರೆ ಬಿಡುಗಡೆಯಿಲ್ಲವೆ? ಇದೆ. 2005ರ ಅಕ್ಟೋಬರಿನಲ್ಲಿ, ಅಜ್ಜಿಯ ಮನೆಯಲ್ಲಿ ಆಶ್ರಯ ಪಡೆದಿದ್ದ ಹ್ಯಾಮಿಲ್ಟನ್, ಆಕೆಯ ಕಣ್ಣೀರಿನ ಮಾತು ನಾಟಿ, ಮಾದಕ ವಸ್ತುವನ್ನು ತೊರೆದನು. ಕೊಕೇನ್ ವ್ಯಸನಕ್ಕೆಂದೇ ಅಂಗೀಕೃತವಾದ ಔಷಧ ಅಮೆರಿಕೆಯಲ್ಲಿ ಇನ್ನೂ ಇಲ್ಲ. ಆಪ್ತಸಲಹೆ, ಶುದ್ಧವಾಗಿ ಉಳಿದುದಕ್ಕೆ ಸಣ್ಣ ಬಹುಮಾನ, ಹಳೆಯ ಚಟವನ್ನು ನೆನಪಿಸುವ ಸ್ಥಳ, ಜನ, ವಸ್ತುಗಳಿಂದ ದೂರವಿರುವುದು—ಇವೇ ಚಿಕಿತ್ಸೆಯ ಮುಖ್ಯ ಸಾಧನಗಳು. 2007ರಲ್ಲಿ ಸಿನ್ಸಿನಾಟಿ ತಂಡದಲ್ಲಿ ಆಟಕ್ಕೆ ಮರಳಿದಾಗ ಅವನು ವಾರಕ್ಕೆ ಮೂರು ಸಲ ಪರೀಕ್ಷೆಗೆ ಒಳಗಾಗುತ್ತಿದ್ದನು. ಜೇಬಿನ ಹಣವೂ ಆಸೆಯನ್ನು ಕೆರಳಿಸಬಲ್ಲದಾದುದರಿಂದ, ಪ್ರವಾಸದ ಭತ್ಯವನ್ನು ತರಬೇತುದಾರನೊಬ್ಬನು ಇಟ್ಟುಕೊಳ್ಳುತ್ತಿದ್ದನು.

ಫಲವೇನಾಯಿತು? 2008ರ ಹೋಮ್ ರನ್ ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಅವನು 28 ಸಲ ಚೆಂಡನ್ನು ಬೇಲಿಯಾಚೆಗೆ ಹೊಡೆದನು. 2010ರಲ್ಲಿ ಟೆಕ್ಸಾಸ್ ತಂಡದ ಪರವಾಗಿ ಆಡಿ, ಅಮೆರಿಕನ್ ಲೀಗಿನ ಅತ್ಯಂತ ಮೌಲಿಕ ಆಟಗಾರನೆನಿಸಿದನು. ಆ ವರ್ಷದ ವಿಜಯೋತ್ಸವದಲ್ಲಿ ಸಂಗಡಿಗರು ಅವನ ಮೇಲೆ ಚೆಲ್ಲಿದುದು ಷಾಂಪೇನನ್ನಲ್ಲ, ಶುಂಠಿಯ ಪಾನಕವನ್ನು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2009ರಲ್ಲಿಯೂ 2012ರಲ್ಲಿಯೂ ಅವನು ಮದ್ಯಕ್ಕೆ ಸೋತನು. 2015ರಲ್ಲಿ ಮತ್ತೆ ಎಡವಿದುದನ್ನು ತಾನೇ ಆಡಳಿತಕ್ಕೆ ತಿಳಿಸಿದನು. ಚಿಕಿತ್ಸೆ ಸೋತಿತೆಂದು ಇದರ ಅರ್ಥವೆ? ರಕ್ತದೊತ್ತಡದ ರೋಗಿಗೆ ಒತ್ತಡ ಮತ್ತೆ ಏರಿದರೆ ನಾವು ವೈದ್ಯಶಾಸ್ತ್ರವನ್ನು ಹಳಿಯುವುದಿಲ್ಲ; ಚಿಕಿತ್ಸೆಯನ್ನು ಮುಂದುವರಿಸುತ್ತೇವೆ. ವ್ಯಸನವೂ ಅಂಥದೇ ದೀರ್ಘರೋಗ.

ಮೊದಲ ಚಿಟಿಕೆಯನ್ನು ನಿರಾಕರಿಸುವಾಗ ಮಿದುಳು ಇನ್ನೂ ಪೂರ್ಣವಾಗಿ ನಮ್ಮದಾಗಿರುತ್ತದೆ. ನೂರನೆಯದನ್ನು ನಿರಾಕರಿಸುವಾಗ ಹಾಗಿರುವುದಿಲ್ಲ. ಆದುದರಿಂದ ನಮ್ಮ ವಿಷಯದಲ್ಲಿ ಎಚ್ಚರವಿರಲಿ. ಬಿದ್ದವನ ವಿಷಯದಲ್ಲಿ ತಿರಸ್ಕಾರ ಬೇಡ, ನೆರವಿರಲಿ.