ಮನೆಯ ಸಾಮಾನು, ಕಥೆಯ ಬೀಜ

ಕಥೆ ಬರೆಯಬೇಕೆಂಬ ಹಂಬಲ ನಮ್ಮಲ್ಲಿ ಅನೇಕರಿಗುಂಟು. ಆದರೆ ಲೇಖನಿ ಹಿಡಿದೊಡನೆ ‘ಯಾವುದರ ಮೇಲೆ ಬರೆಯಲಿ?’ ಎಂಬ ಪ್ರಶ್ನೆ ಅಡ್ಡ ನಿಲ್ಲುತ್ತದೆ. ಕಾಣದ ಪಟ್ಟಣಗಳನ್ನೂ ಕೇಳದ ಸಾಹಸಗಳನ್ನೂ ಅರಸುತ್ತ ಮನಸ್ಸು ಅಲೆಯತೊಡಗುತ್ತದೆ. ನಾನು ಆಳಂದ ತಾಲ್ಲೂಕಿನ ಮಟಕಿಯವನು. ಹಿಂದಿಯಲ್ಲಿ ಮಟಕಿಯೆಂದರೆ ಸಣ್ಣ ಗಡಿಗೆ. ಊರ ಹೆಸರಿನಲ್ಲಿಯೇ ಗಡಿಗೆಯನ್ನು ಹೊತ್ತ ನನಗೆ ತೋರುವುದಿಷ್ಟೆ: ಕಥೆಗಾಗಿ ದೂರ ಹೋಗಬೇಕಿಲ್ಲ; ಅಡುಗೆಮನೆಯ ಹೊಸ್ತಿಲು ದಾಟಿದರೆ ಸಾಕು.

ಈ ಗುಟ್ಟು ನಮ್ಮ ಜನಪದರಿಗೆ ಹಿಂದೆಯೇ ಗೊತ್ತಿತ್ತು. ಎ. ಕೆ. ರಾಮಾನುಜನ್ನರು (1929–1993) ಸಂಗ್ರಹಿಸಿದ ಕನ್ನಡ ಕಥೆಯೊಂದನ್ನು ನೋಡಿ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದವು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ನಿದ್ರಿಸುತ್ತಿರುವಾಗ ಹೊರಬಿದ್ದವು. ಕಥೆ ಬಾಗಿಲ ಹೊರಗೆ ಜೋಡಾಗಿ ಕುಳಿತಿತು. ಹಾಡು ಗೂಟದ ಮೇಲೆ ಕೋಟಾಗಿ ತೂಗಿತು. ಗಂಡ ಬಂದು ‘ಯಾರದಿದು?’ ಎಂದ. ಅವಳಿಗೂ ತಿಳಿಯದು. ಜಗಳವಾಯಿತು. ಅವನು ಮುನಿದು ಹನುಮಪ್ಪನ ಗುಡಿಯಲ್ಲಿ ಹೋಗಿ ಮಲಗಿದ. ಊರ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಅಲ್ಲಿ ಹರಟೆಗೆ ಕೂಡುತ್ತಿದ್ದವು. ತಡವಾಗಿ ಬಂದ ಅವನ ಮನೆಯ ದೀಪದ ಬಾಯಿಂದ ನಿಜ ಹೊರಬಿತ್ತು. ಬೆಳಗ್ಗೆ ಬಂದು ಕೇಳಿದರೆ, ಹೆಂಡತಿ ಆ ಕಥೆಯನ್ನೂ ಹಾಡನ್ನೂ ಮರೆತೇಬಿಟ್ಟಿದ್ದಳು.

ಜೋಡು, ಕೋಟು, ದೀಪ ಎಲ್ಲವೂ ದಿನಬಳಕೆಯವು. ಜೋಡನ್ನು ಎಷ್ಟು ಬಣ್ಣಿಸಿದರೂ ಅದು ವರ್ಣನೆಯೇ ಹೊರತು ಕಥೆಯಲ್ಲ. ‘ಯಾರದಿದು?’ ಎಂದು ಒಬ್ಬನು ಕೇಳಿದಾಗ, ಉತ್ತರ ಇನ್ನೊಬ್ಬಳ ಬಾಳನ್ನು ತಟ್ಟುವಾಗ, ಅಲ್ಲಿ ಕಥೆ ಮೊದಲಾಗುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿಯೂ (1933) ಹೀಗೆಯೇ. ದುಡಿ ಬರಿಯ ವಾದ್ಯವಾಗಿದ್ದರೆ ನಾವು ನೆನೆಯುತ್ತಿದ್ದೆವೆ? ಸ್ವಂತ ಬೇಸಾಯದ ಆಸೆ ಈಡೇರದವನ ಸಂಕಟವೆಲ್ಲ ಅದರಲ್ಲಿ ಬಡಿಯುತ್ತದೆ.

ಹಾಗಾದರೆ ವಸ್ತುವನ್ನು ಪರೀಕ್ಷಿಸುವುದು ಹೇಗೆ? ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ದಿನಾಲು ಮುಟ್ಟುವ ಕೈ ಯಾರದು? ಇದರ ಮೇಲಿನ ಗಾಯ, ತೇಪೆ ಯಾವಾಗಿನದು? ಇದು ಮನೆ ಬಿಟ್ಟು ಹೋದರೆ ಅಳುವವರು ಯಾರು?

ನಮ್ಮ ಮನೆಯ ಕೌದಿಗೆ ಈ ಪ್ರಶ್ನೆಗಳನ್ನು ಹಾಕಿದೆ. ಹೊಲಿದವಳು ಅಜ್ಜಿ. ನಡುವಿನ ಬಿಳಿಯ ತುಂಡು ಅಜ್ಜನ ಧೋತರದ್ದು. ಅಂಚಿನ ಕೆಂಪು ಅತ್ತೆಯ ಇಳಕಲ್ ಸೀರೆಯ ಸೆರಗು. ಅತ್ತೆ ಈಗಿಲ್ಲ. ಕೌದಿ ಎಷ್ಟು ಹರಿದರೂ ಅಜ್ಜಿ ಆ ಅಂಚನ್ನು ಮಾತ್ರ ಬದಲಿಸಗೊಡಳು. ಚಳಿಗಾಲದಲ್ಲಿ ಅದನ್ನು ಹೊದೆಯುವ ಮಕ್ಕಳಿಗೆ ಇದರ ಅರಿವಿಲ್ಲ. ತಾಯಿ ಕಾದಿಡುವುದು, ಮಕ್ಕಳು ಅರಿಯದೆ ಹೊದೆಯುವುದು, ಇವೆರಡರ ನಡುವೆ ಒಂದು ಕಥೆಗೆ ಬೇಕಾದಷ್ಟು ಇಂಬಿದೆ.

ಇನ್ನು ಬೀಸುಕಲ್ಲು. ಗಿರಣಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಹಿತ್ತಿಲು ಸೇರಿತು. ಕಲ್ಲು ಮಳೆಗೆ ಕರಗದು. ಅದರ ಮುಂದೆ ಕುಳಿತು ಹಾಡಿದವರ ನೆನಪು ಕರಗುತ್ತದೆ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದರಿಂದಲೇ 1931ರಲ್ಲಿ ‘ಗರತಿಯ ಹಾಡು’ ನಮಗೆ ದಕ್ಕಿತು. ಕೇಳುವವರಿಲ್ಲದಿದ್ದರೆ ಆ ಹಾಡುಗಳಿಗೂ ಜಾನಪದ ಕಥೆಯ ಗೃಹಿಣಿಯ ಹಾಡಿನ ಗತಿಯೇ ಬರುತ್ತಿತ್ತು.

ಆದುದರಿಂದ, ವಿದ್ಯಾರ್ಥಿ ಮಿತ್ರರೆ, ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ. ಕಂದೀಲೋ, ಒನಕೆಯೋ, ಬೆಸುಗೆ ಹಾಕಿದ ಹಿತ್ತಾಳೆಯ ಕೊಡವೋ, ಯಾವುದಾದರೊಂದನ್ನು ಹಿರಿಯರ ಮುಂದಿಟ್ಟು ‘ಇದು ಯಾರದು?’ ಎಂದು ಕೇಳಿರಿ. ಆಮೇಲೆ ಸುಮ್ಮನೆ ಕುಳಿತು ಆಲಿಸಿರಿ. ಬರೆಯುವುದು ನಾಳೆಯಾದರೂ ಆದೀತು; ಕೇಳುವುದು ಇಂದೇ ಆಗಬೇಕು.